ಹೊಲದ ಕಾವಲಿಗೆ ಸೋಲಾರ್ ದೀಪ ಬೇಕಾ?

ಮನೆಯಲ್ಲಿ ಕರೆಂಟ್ ಇದೆ. ಹೊಲದಲ್ಲಿ ಇಲ್ಲ. ಕೂಕಲ್ತೊರೈಯಂಥ ಊರಲ್ಲಿ ಕ್ಯಾರೆಟ್, ಕೋಸು ಬೆಳೆಯುವ ನಿಮಗೆ ಇದು ಗೊತ್ತಿರುವ ಮಾತೇ. ಬೆಳೆ ಬಲಿತಾಗ ಕಾಡುಹಂದಿ ಬರುತ್ತದೆ, ಕಾಟಿ ಬರುತ್ತದೆ. ರಾತ್ರಿ ಗುಡಿಸಲಲ್ಲಿ ಕಾವಲು ಮಲಗಬೇಕು. ಅಲ್ಲಿಗೆ ಸೋಲಾರ್ ದೀಪ ಹಾಕಿದರೆ ಲಾಭವಾ, ದುಡ್ಡು ದಂಡವಾ? ಲೆಕ್ಕ ಹಾಕಿ ನೋಡೋಣ.

ಸೋಲಾರಿಗೆ ಮುಖ್ಯವಾಗಿ ಮೂರು ಸಾಮಾನು ಬೇಕು. ಬಿಸಿಲಿಗೆ ಇಡುವ ಹಲಗೆ, ಅದೇ ಪ್ಯಾನೆಲ್. ಕರೆಂಟ್ ಕೂಡಿಡುವ ಬ್ಯಾಟರಿ. ನಡುವೆ ಒಂದು ಚಿಕ್ಕ ಪೆಟ್ಟಿಗೆ, ಅದು ಕಂಟ್ರೋಲರ್. ಬ್ಯಾಟರಿ ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ಅದು ಕಾಯುತ್ತದೆ.

40 ವ್ಯಾಟಿನ ಪ್ಯಾನೆಲ್ ತಂದಿರಿ ಅನ್ನಿ. ದಿನಕ್ಕೆ 4 ಗಂಟೆ ಒಳ್ಳೆ ಬಿಸಿಲು ಸಿಕ್ಕರೆ 40ನ್ನು 4ರಿಂದ ಗುಣಿಸಿ. 160 ವ್ಯಾಟ್ ಅವರ್ ಆಯಿತು. ಸ್ವಲ್ಪ ಸೋರಿಹೋಗುತ್ತದೆ. ಕೈಗೆ 120 ಸಿಗುತ್ತದೆ ಅಂದುಕೊಳ್ಳಿ. 5 ವ್ಯಾಟಿನ ಎರಡು ಎಲ್‌ಇಡಿ ಬಲ್ಬು 6 ಗಂಟೆ ಉರಿದರೆ 60 ಖರ್ಚು. ಮೊಬೈಲ್ ಚಾರ್ಜಿಗೆ ಹೆಚ್ಚೆಂದರೆ 20. ಇನ್ನೂ 40 ಮಿಗುತ್ತದೆ. ಆದರೆ ಚಳಿ ಅಂತ 1000 ವ್ಯಾಟಿನ ಹೀಟರ್ ಹಾಕಿದರೆ? ಇಡೀ ದಿನದ ಕರೆಂಟ್ ಏಳು ನಿಮಿಷಕ್ಕೆ ಖಾಲಿ! ಚಿಕ್ಕ ಬ್ಯಾಟರಿ ಆ ಭಾರ ತಡೆಯುವುದೂ ಇಲ್ಲ.

ಚಳಿಗಾಲದಲ್ಲಿ ಸೋಲಾರ್ ನಡೆಯಲ್ಲ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಶಾಖ ಅಲ್ಲ. ತಂಪಿದ್ದರೆ ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ನೀಲಗಿರಿಯಲ್ಲಿ ತೊಂದರೆ ಮೋಡದ್ದು. ಮಳೆ, ಮಂಜು ಕವಿದ ದಿನ ಕಾಲುಭಾಗ ಸಿಕ್ಕರೆ ದೊಡ್ಡದು. ಅದಕ್ಕೇ ಬ್ಯಾಟರಿ ನೋಡಿ ಕೊಳ್ಳಬೇಕು. 12 ವೋಲ್ಟ್, 20 ಆಂಪಿಯರ್ ಅವರಿನ ಬ್ಯಾಟರಿಯಲ್ಲಿ 240 ವ್ಯಾಟ್ ಅವರ್ ಇರುತ್ತದೆ. ಸೀಸದ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸಿ, ಬಾಳಿಕೆ ಬರುತ್ತದೆ. ಒಂದೇ ಬಲ್ಬು ಉರಿಸಿದರೆ ಬಿಸಿಲಿಲ್ಲದಿದ್ದರೂ ನಾಲ್ಕು ರಾತ್ರಿ ಕಳೆಯಬಹುದು.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ಮರದ ನೆರಳು ಒಂದು ಮೂಲೆಗೆ ಬಿದ್ದರೂ ಕರೆಂಟ್ ತುಂಬಾ ಇಳಿಯುತ್ತದೆ.

ವರ್ಷಕ್ಕೆ ಹತ್ತು ರಾತ್ರಿ ಮಾತ್ರ ಕಾವಲಿದ್ದರೆ ಸೋಲಾರ್ ಬೇಡ. ಮನೆಯಲ್ಲಿ ಚಾರ್ಜ್ ಮಾಡಿದ ಟಾರ್ಚ್ ಸಾಕು. ಅದಕ್ಕೆ ತಗಲುವ ಕರೆಂಟ್ ಪೈಸೆಗಳ ಲೆಕ್ಕದ್ದು. ಪ್ರತಿ ಬೆಳೆಗೂ ತಿಂಗಳುಗಟ್ಟಲೆ ಕಾಯುವವರಾದರೆ ಹಾಕಿಸಿ, ನಷ್ಟವಿಲ್ಲ. ಆದರೆ ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಆ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕರ್ನಾಟಕದಲ್ಲಿ ಹರೀಶ್ ಹಂದೆಯವರ ಸೆಲ್ಕೊ ಕಂಪನಿ 1995ರಿಂದ ಹಳ್ಳಿಮನೆಗಳಿಗೆ ಸೋಲಾರ್ ದೀಪ ಹಾಕುತ್ತಾ ಬಂದಿದೆ. ಬಡವರಿಗೆ ಬ್ಯಾಂಕ್ ಸಾಲ ಕೊಡಿಸಿ, ಅವರ ಸಂಪಾದನೆಗೆ ಹೊಂದುವ ಕಂತು ಮಾಡಿಸಿದರು. ರಿಪೇರಿಗೆ ಹತ್ತಿರದಲ್ಲೇ ಜನರನ್ನಿಟ್ಟರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೀವೂ ಕೊಳ್ಳುವಾಗ ರೇಟಿಗಿಂತ ಮೊದಲು ಇದನ್ನು ಕೇಳಿ: ಕೆಟ್ಟರೆ ಯಾರು ಬರುತ್ತಾರೆ? ಬಿಲ್ಲು, ವಾರಂಟಿ ಕಾಗದ ಓದಿ ನೋಡಿ, ಜೋಪಾನ ಮಾಡಿ.

ಇನ್ನೊಂದು ಮಾತು. ದೀಪ ಕಂಡು ಕಾಟಿ ಓಡಿಹೋಗುತ್ತದೆ ಅಂತ ನಂಬಿ ಹತ್ತಿರ ಹೋಗಬೇಡಿ. ಬೆಳಕು ಇರುವುದು ನಿಮಗೆ ದಾರಿ ಕಾಣಲಿ ಅಂತ. ಮನೆಯ ಕರೆಂಟನ್ನು ಬೇಲಿ ತಂತಿಗೆ ಕೊಡುವ ಕೆಲಸವಂತೂ ಬೇಡವೇ ಬೇಡ. ಅದು ಅಪರಾಧ. ಹಂದಿಗೆಂದು ಹಾಕಿದ ತಂತಿ ತಗಲಿ ಎಷ್ಟೋ ಕಡೆ ಮನುಷ್ಯರೇ ಸತ್ತಿದ್ದಾರೆ. ಸೋಲಾರ್ ಬೇಲಿ ಬೇರೆ. ಅದರ ಯಂತ್ರ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಶಾಕ್ ಕೊಟ್ಟು ಬಿಡುತ್ತದೆ. ಅದನ್ನು ಹಾಕಿಸುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ.