ಉದ್ಯಾನಕ್ಕೆ ಮುನ್ನಿನ ಮುನ್ನೂರು ಮೀಟರು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಆಸುಪಾಸಿನ ತಾರಾ ಹೋಟೆಲುಗಳಿಗೆ ಕಬ್ಬನ್ ಉದ್ಯಾನದ ಸಾಮೀಪ್ಯವೇ ಒಂದು ಆಸ್ತಿ. ನಕ್ಷೆಯಲ್ಲಿ ಅಳೆದರೆ ಉದ್ಯಾನ ಅಲ್ಲಿಂದ ನಡಿಗೆಯ ದೂರದಲ್ಲಿದೆ. ಆದರೆ ಯಾರ ನಡಿಗೆಯ ದೂರ? ಊರುಗೋಲು ಹಿಡಿದ ವೃದ್ಧರಿಗೆ, ಗಾಲಿಕುರ್ಚಿಯಲ್ಲಿ ಸಂಚರಿಸುವ ಅತಿಥಿಗೆ ಆ ಮುನ್ನೂರು ಮೀಟರು ಎಷ್ಟು ದೂರ?

1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ ಈ ಉದ್ಯಾನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರಿಡಲಾಯಿತು. ಇಂದು ಅದರ ವಿಸ್ತಾರ ಸುಮಾರು 300 ಎಕರೆ. 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ನೀಡಿದೆ. ಒಳಗಿನ ಅಗಲವಾದ ಡಾಂಬರು ದಾರಿಗಳು ಬಹುಮಟ್ಟಿಗೆ ಸಮತಟ್ಟಾಗಿದ್ದು, ಮರಗಳ ನೆರಳಿನಲ್ಲಿ ಗಾಲಿಕುರ್ಚಿ ಸಲೀಸಾಗಿ ಉರುಳಬಲ್ಲದು. ತೊಡಕಿರುವುದು ಹೆಚ್ಚಾಗಿ ಉದ್ಯಾನದ ಹೊರಗೆ.

ನಮ್ಮ ಪಾದಚಾರಿ ಮಾರ್ಗಗಳ ಸ್ವರೂಪ ಎಲ್ಲರಿಗೂ ಗೊತ್ತು. ಎತ್ತರದ ಅಂಚುಗಲ್ಲು, ಕಟ್ಟಡ ಕಟ್ಟಡಕ್ಕೂ ತುಂಡಾಗುವ ಮಟ್ಟ, ವಾಲಿದ ಚಪ್ಪಡಿ, ನಡುವೆ ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರು. ಇವನ್ನೆಲ್ಲ ದಾಟಿದರೂ, ದ್ವಿಚಕ್ರ ವಾಹನಗಳನ್ನು ತಡೆಯಲು ನೆಟ್ಟ ಗಿಡ್ಡ ಕಂಬಗಳು ಒತ್ತಾಗಿದ್ದರೆ ಗಾಲಿಕುರ್ಚಿಯೂ ಅಲ್ಲೇ ನಿಲ್ಲುತ್ತದೆ. ಕಾಲು ಗಟ್ಟಿಯಿರುವವರು ಗೊಣಗುತ್ತ ರಸ್ತೆಗಿಳಿದು ಸಾಗುತ್ತಾರೆ. ಉಳಿದವರು ಹೊರಡುವ ಯೋಚನೆಯನ್ನೇ ಬಿಡುತ್ತಾರೆ. ಹೀಗೆ ಬಾರದೆ ಉಳಿದವರ ಲೆಕ್ಕ ಯಾವ ಕಡತದಲ್ಲಿಯೂ ಸಿಗುವುದಿಲ್ಲ.

ನಿಯಮಗಳಿಗೇನೂ ಬರವಿಲ್ಲ. ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚುಗಲ್ಲು 150 ಮಿಲಿಮೀಟರ್ ಮೀರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಹೇಳಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸುಗಮ ಪ್ರವೇಶವನ್ನು ಹಕ್ಕಾಗಿಸಿತು. ಈ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿತು.

ಹಾಗಾದರೆ ಕೊರತೆ ಎಲ್ಲಿದೆ? ಆಡಳಿತದಲ್ಲಿ ಬಹುಕಾಲ ಕಳೆದವರಿಗೆ ಉತ್ತರ ಅಪರಿಚಿತವಲ್ಲ. ಉದ್ಯಾನ ತೋಟಗಾರಿಕೆ ಇಲಾಖೆಯದು, ಪಾದಚಾರಿ ಮಾರ್ಗ ಪಾಲಿಕೆಯದು, ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, ಒಳಚರಂಡಿಯ ಮುಚ್ಚಳ ಜಲಮಂಡಳಿಯದು, ರಸ್ತೆ ದಾಟುವ ದೀಪ ಸಂಚಾರ ಪೊಲೀಸರದು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸಕ್ಕೆ ಲೆಕ್ಕ ಕೊಡಬಲ್ಲರು. ಆದರೆ ನಡೆಯುವವನ ಇಡೀ ದಾರಿಗೆ ಹೊಣೆಗಾರರಿಲ್ಲ. 2025ರಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದ ಮೇಲಂತೂ ಈ ಸಮನ್ವಯದ ಅಗತ್ಯ ಹೆಚ್ಚಿದೆ.

ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಸಾರ್ವಜನಿಕ ಹಣದಿಂದ ಉಳಿದುಬಂದ ಹಸಿರು ಸುತ್ತಲಿನ ಆಸ್ತಿಗಳ ಬೆಲೆಯನ್ನು ಏರಿಸುತ್ತದೆ. ಹೋಟೆಲಿನ ಕೊಠಡಿಯ ಬಾಡಿಗೆಯಲ್ಲಿಯೂ ಅದರ ಪಾಲಿರುತ್ತದೆ. ಆ ಲಾಭದ ಒಂದಂಶ ಪಾದಚಾರಿ ಮಾರ್ಗದ ನಿರ್ವಹಣೆಗೆ ಮರಳಿದರೆ ಅನ್ಯಾಯವೇನಿಲ್ಲ. ಆದರೆ ನಿರ್ವಹಣೆಯ ನೆಪದಲ್ಲಿ ಅದು ಹೋಟೆಲಿನ ಅಂಗಳವಾಗಬಾರದು. ಅಲ್ಲಿ ನಡೆಯುವ ಮೊದಲ ಹಕ್ಕು ನಾಗರಿಕರದು. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿಯುವ ವೃದ್ಧರಿಗೂ ಮಗುವಿನ ತಳ್ಳುಗಾಡಿಯೊಡನೆ ಬರುವ ತಾಯಿಗೂ ಅದೇ ದಾರಿ ಬೇಕು.

ಇದು ಅಸಾಧ್ಯವಾದ ಬೇಡಿಕೆಯೂ ಅಲ್ಲ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ವಿಠಲ ಮಲ್ಯ ರಸ್ತೆಯನ್ನು ಮರುರೂಪಿಸಿದಾಗ ಕೇಬಲ್ಲು, ಕೊಳವೆಗಳು ನೆಲದಡಿ ಸೇರಿ ಅಗಲವಾದ ಪಾದಚಾರಿ ಮಾರ್ಗ ಮೂಡಿತು. ಇನ್ನು ಬೇಕಾದುದು ಇಷ್ಟೆ: ಉದ್ಯಾನದ ಪ್ರತಿ ದ್ವಾರದಿಂದ ಹತ್ತಿರದ ಹೋಟೆಲು, ಬಸ್ ತಂಗುದಾಣ, ಮೆಟ್ರೊ ನಿಲ್ದಾಣದವರೆಗಿನ ದಾರಿಯನ್ನು ಒಂದೇ ಕಾಮಗಾರಿಯಾಗಿ ಪರಿಗಣಿಸಿ, ಒಬ್ಬ ಅಧಿಕಾರಿಯನ್ನು ಹೊಣೆಗಾರನನ್ನಾಗಿಸುವುದು. ವರ್ಷಕ್ಕೊಮ್ಮೆ ಗಾಲಿಕುರ್ಚಿ ಬಳಸುವವರೊಬ್ಬರು ಆ ದಾರಿಯಲ್ಲಿ ಸಾಗಿ ನೋಡಲಿ. ಅವರು ಯಾರ ನೆರವೂ ಇಲ್ಲದೆ ಮರದ ನೆರಳು ತಲುಪಿದ ಮೇಲಷ್ಟೇ ಗುತ್ತಿಗೆದಾರರ ಅಂತಿಮ ಬಿಲ್ಲಿಗೆ ಸಹಿ ಬೀಳಲಿ.