ಎರಡನೆಯ ಒತ್ತಿನ ಚೆಲುವು

ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಡಿಸೆಂಬರ್ ಬಂತೆಂದರೆ ಹಬ್ಬಗಳ ಸಾಲು. ಕ್ರಿಸ್‌ಮಸ್, ಹೊಸ ವರ್ಷ, ಮಕರ ಸಂಕ್ರಾಂತಿಯ ಹೊತ್ತಿಗೆ ಗುಡ್ಡದ ಮೇಲಿನ ಬಾಲಯೇಸು ಪುಣ್ಯಕ್ಷೇತ್ರದ ವಾರ್ಷಿಕೋತ್ಸವ. ಜಲವರ್ಣದ ಅಚ್ಚೊತ್ತಿ ಕೈಯಾರೆ ಶುಭಾಶಯ ಪತ್ರ ಮಾಡಲು ಇದೇ ಸರಿಯಾದ ಕಾಲ. ಮಳೆಗಾಲದಲ್ಲಿ ಕಾಗದವೇ ತೇವ ಹೀರಿ ಬೂಸ್ಟು ಹಿಡಿಯುವ ಕರಾವಳಿಯಲ್ಲಿ ಜಲವರ್ಣ ಒಣಗುವುದು ಈ ತಿಂಗಳುಗಳಲ್ಲೇ ಸಲೀಸು.

ಅಚ್ಚಿನ ಕೆಲಸ ಈ ಊರಿಗೆ ಹೊಸದಲ್ಲ. ಬಾಸೆಲ್ ಮಿಶನ್ 1841ರಲ್ಲಿ ಇಲ್ಲಿ ಮುದ್ರಣಾಲಯ ತೆರೆಯಿತು. 1843ರ ಜುಲೈಯಲ್ಲಿ ಆ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಹೊರಬಂತು. ಅದೇ ವರ್ಷ ಲಂಡನ್ನಿನಲ್ಲಿ ಹೆನ್ರಿ ಕೋಲ್ ಮೊದಲ ಕ್ರಿಸ್‌ಮಸ್ ಕಾರ್ಡುಗಳನ್ನು ಮಾರಾಟಕ್ಕಿಟ್ಟರು. ಅವೂ ಕಲ್ಲಚ್ಚಿನವೇ, ಜಾನ್ ಹಾರ್ಸ್‌ಲೀ ಬರೆದ ಚಿತ್ರಕ್ಕೆ ಕೈಯಲ್ಲಿ ಬಣ್ಣ ತುಂಬಲಾಗಿತ್ತು. ಕಲ್ಲಚ್ಚಿನಲ್ಲಿ ನೀರಿನ ಕೆಲಸ ಶಾಯಿಯನ್ನು ದೂರ ಇಡುವುದು. ಜಲವರ್ಣದ ಅಚ್ಚಿನಲ್ಲಿ ಬಣ್ಣವನ್ನು ಹೊತ್ತು ಹರಡುವುದೇ ನೀರು.

ಕಾಗದ 300 ಜಿಎಸ್‌ಎಂನದಾದರೆ ಒದ್ದೆಯಾದರೂ ಹೆಚ್ಚು ಸುರುಟಿಕೊಳ್ಳದು. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಮಡಚಿದರೆ 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರದ ಎರಡು ಕಾರ್ಡು. ಮಡಚುವ ಮೊದಲು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಗೀಟೆಳೆದರೆ ಅಂಚು ಒಡೆಯುವುದಿಲ್ಲ.

ರಬ್ಬರ್ ಅಚ್ಚಿನ ಉಬ್ಬಿದ ಭಾಗಕ್ಕೆ ಕುಂಚದಿಂದ ಎರಡು ಮೂರು ಬಣ್ಣ ಹಚ್ಚಬೇಕು. ನುಣುಪು ರಬ್ಬರಿನ ಮೇಲೆ ಬಣ್ಣ ಹನಿಗಟ್ಟಿದರೆ ಕುಂಚಕ್ಕೆ ತುಸು ಸಾಬೂನು ತಾಗಿಸಿದರೆ ಸಾಕು, ಸಮನಾಗಿ ಹರಡುತ್ತದೆ. ಆಮೇಲೆ ದೂರದಿಂದ ಒಂದೇ ಒಂದು ಸಲ ನೀರು ಸಿಂಪಡಿಸಿ, ಅಲುಗಿಸದೆ ನೇರ ಒತ್ತಿ, ನೇರ ಎತ್ತಬೇಕು. ಹೂವಿನ ಅಚ್ಚಾದರೆ ದಾಸವಾಳದ ಕೆಂಪು ಎಲೆಯ ಹಸಿರಿಗೆ ಇಳಿದು ನಡುವೆ ಕಂದು ಛಾಯೆ ಹುಟ್ಟುವುದು ಆಗಲೇ. ನೀರು ಹೆಚ್ಚಾದರೆ ಗೆರೆ ಕಳೆದು ಬರಿಯ ಕಲೆ ಉಳಿಯುತ್ತದೆ.

ಮೊದಲ ಒತ್ತು ಮುಗಿದೊಡನೆ ಅಚ್ಚು ತೊಳೆಯುವವರು ಅರ್ಧ ಸೊಗಸನ್ನೇ ಕಳೆದುಕೊಳ್ಳುತ್ತಾರೆ. ಉಳಿದ ಬಣ್ಣಕ್ಕೆ ಇನ್ನೊಮ್ಮೆ ನೀರು ಸಿಂಪಡಿಸಿ ಬೇರೆ ಕಾಗದಕ್ಕೆ ಒತ್ತಿದರೆ ತಿಳಿಯಾದ, ಅಂಚು ಕರಗಿದ ಚಿತ್ರ ಬರುತ್ತದೆ. ಹಲವು ಸಲ ಮೊದಲನೆಯದಕ್ಕಿಂತ ಇದೇ ಚೆಲುವು. ಗಾಢವಾದದ್ದನ್ನು ಇದರ ಪಕ್ಕ ಒತ್ತಿದರೆ ಹತ್ತಿರದ ಹೂವು, ದೂರದ ಹೂವು ಎಂಬ ಆಳವೂ ಸಿಗುತ್ತದೆ.

ಅಚ್ಚಿಲ್ಲದವರಿಗೆ ಅಡುಗೆಮನೆಯಲ್ಲಿ ಬೆಂಡೆಕಾಯಿ ಇದೆ. ಅಡ್ಡಕ್ಕೆ ಕೊಯ್ದು, ಲೋಳೆ ಒರೆಸಿ ಒತ್ತಿದರೆ ಐದು ಮೂಲೆಯ ಪುಟ್ಟ ನಕ್ಷತ್ರ. ಕ್ರಿಸ್‌ಮಸ್ ಕಾರ್ಡಿಗೆ ಹೇಳಿ ಮಾಡಿಸಿದಂತಿರುತ್ತದೆ. ಚೆನ್ನಾಗಿ ಒಣಗಿದ ಕಾರ್ಡನ್ನು ದಪ್ಪ ಪುಸ್ತಕದಡಿ ಒಂದು ರಾತ್ರಿ ಇಟ್ಟು ಲಕೋಟೆಗೆ ಹಾಕಬಹುದು. ವಿಳಾಸಕ್ಕೆ ಬಾಲ್‌ಪೆನ್ನೇ ಇರಲಿ, ನೀರು ತಾಗಿದರೂ ಅಕ್ಷರ ಕದಡುವುದಿಲ್ಲ.