ಯೋಧನ ಮನಸ್ಸು ಮತ್ತು ಮಗುವಿನ ಮುಖ

ಕೊಪ್ಪಳದ ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಕಲಿಂಗ ಯುದ್ಧದ ಮಾತು ಇವುಗಳಲ್ಲಿಲ್ಲ. ಅದಿರುವುದು ಬೇರೆಡೆ ದೊರೆತ ಹದಿಮೂರನೆಯ ಬಂಡೆಶಾಸನದಲ್ಲಿ. ಒಂದು ಲಕ್ಷ ಜನ ಹತರಾದರೆಂದೂ ಒಂದೂವರೆ ಲಕ್ಷ ಜನ ಸೆರೆಯಾದರೆಂದೂ ಹೇಳಿ, ಗೆದ್ದ ಅರಸನೇ ಅಲ್ಲಿ ಮರುಗಿದ್ದಾನೆ. ಕಲಬುರಗಿ ಜಿಲ್ಲೆಯ ಸನ್ನತಿಯ ಶಾಸನದಲ್ಲಿ ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದಿದ್ದಾನೆ. ಅರಸನ ಅಳಲು ಕಲ್ಲಿನ ಮೇಲೆ ಉಳಿಯಿತು. ಅವನ ಸೈನಿಕರು ಮನಸ್ಸಿನಲ್ಲಿ ಏನನ್ನು ಹೊತ್ತು ಊರಿಗೆ ಮರಳಿದರೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಆ ಪ್ರಶ್ನೆಯನ್ನು ಇಂದಿನ ವಿಜ್ಞಾನವು ಕೇಳುತ್ತಿದೆ.

ದುಂಡು ಕೆನ್ನೆ, ದೊಡ್ಡ ಕಣ್ಣುಗಳುಳ್ಳ ಎಳೆಯ ಮುಖವು ನಮ್ಮಲ್ಲಿ ರಕ್ಷಿಸುವ ಪ್ರವೃತ್ತಿಯನ್ನು ಎಚ್ಚರಿಸುತ್ತದೆಂದು ಕಾನ್ರಾಡ್ ಲೊರೆಂಟ್ಸ್ ಎಂಬ ವಿಜ್ಞಾನಿ 1943ರಲ್ಲಿ ವಿವರಿಸಿದನು. ರಣರಂಗದಲ್ಲಿ ಗಾಯಗೊಂಡ ಮಗುವನ್ನು ಕಂಡ ಯೋಧನಲ್ಲಿಯೂ ಈ ಪ್ರವೃತ್ತಿ ಏಳುತ್ತದೆ. ಆದರೆ ಅನೇಕ ವೇಳೆ ಅವನು ಏನೂ ಮಾಡಲಾರನು. ಮಗುವಿನ ಕೈಯಲ್ಲಿಯೇ ಬಂದೂಕವಿದ್ದರಂತೂ ಸಂಕಟ ಇಮ್ಮಡಿಯಾಗುತ್ತದೆ. ಗುಂಡು ಹಾರಿಸಿದರೆ ಮಗುವನ್ನು ಕೊಂದಂತೆ. ಹಾರಿಸದಿದ್ದರೆ ತನ್ನ ಸಂಗಾತಿಗಳನ್ನು ಕಳೆದುಕೊಂಡಂತೆ. ಇದು ಕೇವಲ ಕಲ್ಪನೆಯಲ್ಲ. 1987ರಿಂದ 1990ರವರೆಗೆ ಭಾರತದ ಶಾಂತಿಪಾಲನಾ ಪಡೆಯು ಶ್ರೀಲಂಕಾದಲ್ಲಿ ಎದುರಿಸಿದ ಎಲ್.ಟಿ.ಟಿ.ಇ. ಸಂಘಟನೆಯು ಬಾಲಕರನ್ನೂ ಹೋರಾಟಕ್ಕೆ ಬಳಸುತ್ತಿತ್ತು.

ಇದರಿಂದ ಮನಸ್ಸಿಗೆ ಎರಡು ಬಗೆಯ ಪೆಟ್ಟು ಬೀಳಬಹುದು. ಮೊದಲನೆಯದು ಭಯದ್ದು. ಅಪಾಯದ ಕ್ಷಣದಲ್ಲಿ ಅಡ್ರಿನಲಿನ್ ಮುಂತಾದ ರಸಗಳು ರಕ್ತದಲ್ಲಿ ಹೆಚ್ಚುತ್ತವೆ. ಆ ನೆನಪು ಮಿದುಳಿನಲ್ಲಿ ಆಳವಾಗಿ ಅಚ್ಚೊತ್ತುತ್ತದೆ. ವರ್ಷಗಳ ಮೇಲೂ ಒಂದು ಸದ್ದು, ಒಂದು ವಾಸನೆ ಅದನ್ನು ಮರಳಿ ತರುತ್ತದೆ. 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಆಘಾತೋತ್ತರ ಒತ್ತಡದ ಕಾಯಿಲೆಯೆಂದು ತಮ್ಮ ರೋಗಪಟ್ಟಿಯಲ್ಲಿ ಸೇರಿಸಿದರು. ಎರಡನೆಯದು ಭಯದ್ದಲ್ಲ, ಪಾಪಪ್ರಜ್ಞೆಯದು. ಮಾಡಬಾರದ್ದನ್ನು ಮಾಡಿದೆ, ಕಾಯಬೇಕಾದವರನ್ನು ಕಾಯಲಿಲ್ಲ ಎಂಬ ಕೊರಗು ಇದರ ಮೂಲ. ಇದಕ್ಕೆ ನೈತಿಕ ಗಾಯವೆಂದು ಹೆಸರು. ಇದನ್ನು ಹೊತ್ತವನು ಮನೆಯಲ್ಲಿ ತನ್ನ ಮಗುವನ್ನು ಎತ್ತಿಕೊಳ್ಳಲೂ ಹಿಂಜರಿಯಬಹುದು.

1994ರಲ್ಲಿ ರುವಾಂಡಾದಲ್ಲಿ ಸುಮಾರು ನೂರು ದಿನಗಳ ಕಾಲ ನರಮೇಧ ನಡೆಯಿತು. ಅಲ್ಲಿ ವಿಶ್ವಸಂಸ್ಥೆಯ ಪಡೆಗೆ ನಾಯಕನಾಗಿದ್ದ ಕೆನಡಾದ ರೋಮಿಯೋ ಡಲೇರ್ ಈ ಕಾಯಿಲೆಯಿಂದಲೇ 2000ದಲ್ಲಿ ಸೈನ್ಯವನ್ನು ಬಿಡಬೇಕಾಯಿತು. ಆತನು ತನ್ನ ನೋವನ್ನು ಬಚ್ಚಿಡಲಿಲ್ಲ. ಮುಂದೆ ಬಾಲಸೈನಿಕರ ಬಳಕೆಯನ್ನು ತಡೆಯುವ ಕಾರ್ಯಕ್ಕೆ ತೊಡಗಿದನು. 2017ರಲ್ಲಿ ಕೆನಡಾದ ಸೈನ್ಯವು, ಬಾಲಸೈನಿಕರು ಎದುರಾದಾಗ ನಡೆದುಕೊಳ್ಳಬೇಕಾದ ರೀತಿಯನ್ನು ಕುರಿತು ಪ್ರತ್ಯೇಕ ಸೂತ್ರಗಳನ್ನೇ ಹೊರಡಿಸಿತು. ಮುಂಚಿತವಾಗಿ ಯೋಚಿಸಿ ಸಿದ್ಧನಾದವನಿಗೆ ಆ ಕ್ಷಣದ ತಬ್ಬಿಬ್ಬು ಕಡಿಮೆಯಾಗುತ್ತದೆಂಬುದು ಇದರ ಹಿಂದಿನ ವಿಚಾರ.

ಭೌತಶಾಸ್ತ್ರದಿಂದ ಒಂದು ಹೋಲಿಕೆಯನ್ನು ಕೊಡೋಣ. ಉಕ್ಕಿನ ತಂತಿಗೆ ತೂಕ ಕಟ್ಟಿದರೆ ಅದು ಹಿಗ್ಗುತ್ತದೆ. ತೂಕ ತೆಗೆದರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಸ್ಥಿತಿಸ್ಥಾಪಕತೆಯ ಮಿತಿಯನ್ನು ಮೀರಿ ಎಳೆದರೆ ಮಾತ್ರ ಪೂರ್ತಿ ಮರಳದು. ಅದನ್ನು ತಂತಿಯ ಹೇಡಿತನವೆಂದು ಯಾರೂ ಅನ್ನುವುದಿಲ್ಲ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ತಂತಿ ತಾನಾಗಿ ಸರಿಹೋಗದು; ಮನಸ್ಸಾದರೋ ನುರಿತ ವೈದ್ಯರ ನೆರವಿನಿಂದ, ನಂಬಿದವರೊಡನೆ ಆಡಿದ ಮಾತಿನಿಂದ ಚೇತರಿಸಿಕೊಳ್ಳಬಲ್ಲುದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಿಗೂ ಸೈನಿಕರು ನಿವೃತ್ತರಾಗಿ ಮರಳುತ್ತಾರೆ. ಅವರ ಪರಾಕ್ರಮದ ಕಥೆಯನ್ನು ನಾವು ಕುತೂಹಲದಿಂದ ಕೇಳುತ್ತೇವೆ. ಅವರು ಹೇಳದೆ ಬಿಟ್ಟುದನ್ನು ಕೆದಕದೆ, ಹೇಳಬಯಸಿದಾಗ ತಾಳ್ಮೆಯಿಂದ ಕೇಳುವುದನ್ನೂ ಕಲಿಯಬೇಕು. ನಿದ್ರೆಗೆಟ್ಟು ಕೊರಗುವವರಿಗೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಮಗುವಿಗಾಗಿ ನೊಂದ ಮನಸ್ಸು ದುರ್ಬಲ ಮನಸ್ಸಲ್ಲ. ಯುದ್ಧದ ನಡುವೆಯೂ ಮನುಷ್ಯತ್ವವನ್ನು ಉಳಿಸಿಕೊಂಡ ಮನಸ್ಸು.